ಕಾಗದದ ಮೇಲಿಲ್ಲದ ಮಾತು

ಮಿಗ್ದಾಲಿಯಾ ಕೀಲೆಸ್ ಎಂಬ ಹೆಂಗಸಿಗೆ ನ್ಯೂಯಾರ್ಕಿನ ಬ್ರಾಂಕ್ಸ್‌ನ ತನ್ನ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಹೆಸರಿರಲಿಲ್ಲ. ಅಡ್ಡಹೆಸರಿತ್ತು: ದೊನ್ಯಾ ಅವೊರಿತಾ. ದೊನ್ಯಾ ಎಂದರೆ ಅಮ್ಮನವರು, ಮರ್ಯಾದೆಯ ಮಾತು. ಅದರ ಬೆನ್ನಿಗೆ ಬರುವ ಮಾತು ಆ ಮರ್ಯಾದೆಯನ್ನೆಲ್ಲ ಬೀದಿಗೆ ಚೆಲ್ಲುತ್ತಿತ್ತು. ಮೂಲೆಯಂಗಡಿಯ ಎಲಾದಿಯೊ ದಿನಾ ಬೆಳಿಗ್ಗೆ, "ಬನ್ನಿ ದೊನ್ಯಾ ಅವೊರಿತಾ, ಬ್ರೆಡ್ ಈಗ ತಾನೆ ಬಂತು" ಎನ್ನುತ್ತಿದ್ದ. ಪಾಪ, ಅವನು ಆ ಬೀದಿಗೆ ಬಂದು ಆರೇ ವರ್ಷ. ಆ ಹೆಸರಿನ ಹಿಂದೆ ಒಂದು ಹೆಣವಿದೆ ಎಂದು ಅವನಿಗೆ ತಿಳಿಯದು. ತಿಳಿದವರು ಮಾತ್ರ ಬೇಕೆಂದೇ ಎರಡೆರಡು ಸಲ ಕರೆಯುತ್ತಿದ್ದರು.

ಅವೊರಿತಾ ಎಂಬುದು ಸ್ಪ್ಯಾನಿಷ್ ಭಾಷೆಯ ಪುಟ್ಟ ಮಾತು. 'ಈಗ' ಎಂಬುದನ್ನು ಮುದ್ದು ಮಾಡಿದರೆ ಹಾಗಾಗುತ್ತದೆ. ಮುದ್ದು ಮಾಡಿದ ಮಕ್ಕಳು ಕೆಡುತ್ತವೆ, ಈ ಮಾತೂ ಕೆಟ್ಟಿದೆ. ಮೆಕ್ಸಿಕೋದವರ ಬಾಯಲ್ಲಿ ಅದು 'ಈಗಲೇ'. ಪೋರ್ಟೊ ರಿಕೋದವರ ಕಿವಿಗೆ ಅದು 'ಆಮೇಲೆ, ಇನ್ನೊಂದಿಷ್ಟು ಹೊತ್ತಿಗೆ'. ಕನ್ನಡದಲ್ಲಿ 'ಇನ್ನೇನು ಬಂದೇಬಿಟ್ಟೆ' ಎಂದವರು ಆಮೇಲೆ ಸ್ನಾನಕ್ಕೆ ನೀರು ಕಾಯಿಸಲು ಇಡುವುದಿಲ್ಲವೇ, ಹಾಗೆ. ಎರಡು ಊರಿನವರು ಒಂದೇ ಭಾಷೆ ಆಡುತ್ತೇವೆಂದು ನಂಬಿಕೊಂಡು ಒಂದೇ ನಗರದಲ್ಲಿ ಬದುಕಿದರೆ ಇಂಥ ಮಾತುಗಳು ಬಾಗಿಲ ಸಂದಿಯಲ್ಲಿ ಚೇಳಿನಂತೆ ಕಾದಿರುತ್ತವೆ.

ಇದು ಮಿಗ್ದಾಲಿಯಾಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಅವಳ ಕೆಲಸವೇ ಅದು. ಒಂಬತ್ತನೆಯ ವಯಸ್ಸಿನಲ್ಲಿ ಪೋರ್ಟೊ ರಿಕೋದ ಉತುವಾದೋ ಎಂಬ ಗುಡ್ಡದೂರಿನಿಂದ ನ್ಯೂಯಾರ್ಕಿಗೆ ಬಂದು, ಶಾಲೆಯಲ್ಲಿ ಟೈಪಿಂಗ್ ಕಲಿತು, ನದಿಯಾಚೆಯ ಹಳೆಯ ಗೋದಾಮೊಂದರಲ್ಲಿದ್ದ ತೆಲೆ ರಿಬೇರಾ ಎಂಬ ಸ್ಪ್ಯಾನಿಷ್ ಟಿವಿ ವಾಹಿನಿಗೆ ಇಪ್ಪತ್ತೈದರ ಹರೆಯದಲ್ಲಿ ಸೇರಿದವಳು. ವಾರ್ತೆ ಓದುವವರು ನಮ್ಮ ಕಣ್ಣನ್ನೇ ನೋಡುತ್ತ ಪಟಪಟ ಓದುತ್ತಾರಲ್ಲ, ಆ ಗುಟ್ಟು ಅವಳ ಬೆರಳಲ್ಲಿತ್ತು. ಆಗ ಕಂಪ್ಯೂಟರ್ ಇರಲಿಲ್ಲ. ದಪ್ಪ ಅಕ್ಷರದ ಟೈಪ್‌ರೈಟರಿನಲ್ಲಿ ಸುದ್ದಿ ಹೊಡೆದು, ಹಾಳೆಗಳನ್ನು ತುದಿಗೆ ತುದಿ ಅಂಟಿಸಿ, ಉದ್ದನೆಯ ಸುರುಳಿ ಮಾಡಿ ಪ್ರಾಂಪ್ಟರ್ ಎಂಬ ಯಂತ್ರದ ಪಟ್ಟಿಯ ಮೇಲೆ ಹಾಸಬೇಕು. ಒಂದು ಗುಂಡಿಯನ್ನು ಮೆಲ್ಲನೆ ತಿರುಗಿಸಿದರೆ ಕಾಗದ ಸರಿಯುತ್ತದೆ, ಅಕ್ಷರಗಳು ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ಏರುತ್ತ ಹೋಗುತ್ತವೆ. ಬೇಗ ತಿರುಗಿಸಿದರೆ ಓದುವವನು ಏದುಸಿರು ಬಿಡುತ್ತಾನೆ, ನಿಧಾನವಾದರೆ ತೊದಲುತ್ತಾನೆ. ಮಿಗ್ದಾಲಿಯಾ ಓದುವವನ ಉಸಿರು ಎಲ್ಲಿ ಮುಗಿಯುತ್ತದೆಂದು ನೋಡಿ ಅಲ್ಲಿಗೊಂದು ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಆ ಉಸಿರು ಅವನ ಹೆಂಡತಿಗಿಂತ ಇವಳಿಗೇ ಹೆಚ್ಚು ಗೊತ್ತಿತ್ತು.

ಜೊತೆಗೆ ಅವಳೇ ತಯಾರಿಸಿದ ಒಂದು ಪಟ್ಟಿ ಟೈಪ್‌ರೈಟರಿನ ಮೇಲಿನ ಗೋಡೆಗೆ ಅಂಟಿಕೊಂಡಿತ್ತು: ವಾರ್ತೆಯಲ್ಲಿ ಬಳಸಬಾರದ ಮಾತುಗಳು. ಪೋರ್ಟೊ ರಿಕೋದವರು ಬಸ್ಸಿಗೆ ಗ್ವಾಗ್ವಾ ಎನ್ನುತ್ತಾರೆ. ಚಿಲಿ ದೇಶದವರಿಗೆ ಗ್ವಾಗ್ವಾ ಎಂದರೆ ಎಳೆಗೂಸು. ಒಮ್ಮೆ 'ಸೇತುವೆಯ ಮೇಲೆ ಗ್ವಾಗ್ವಾ ಉರುಳಿತು' ಎಂದು ಸುದ್ದಿ ಹೋದಾಗ ಕ್ವೀನ್ಸ್ ಬಡಾವಣೆಯಿಂದ ಒಬ್ಬ ಅಜ್ಜಿ ಅಳುತ್ತ ಫೋನ್ ಮಾಡಿ, ಮಗು ಉಳಿಯಿತಾ ಎಂದು ಕೇಳಿದ್ದಳು. ಅಂದಿನಿಂದ ಮಿಗ್ದಾಲಿಯಾ ಫೋನು ಬಂದ ಮಾತನ್ನೆಲ್ಲ ಪಟ್ಟಿಗೆ ಸೇರಿಸುತ್ತ ಹೋದಳು. ಅವೊರಿತಾ ಅದರಲ್ಲಿ ಏಳನೆಯದು.

ವಾರ್ತೆ ಓದುತ್ತಿದ್ದವನು ಲೆಯೊಬಾರ್ದೊ ಅರಿಸ್ಮೆಂದಿ. ಮೆಕ್ಸಿಕೋದ ಗ್ವಾದಲಹಾರಾದವನು, ಆಳು ಸುಂದರ, ದನಿ ಜೇನು. ಅವನಿಗೆ ಆ ಪಟ್ಟಿ ಕಂಡರೆ ತಮಾಷೆ.

"ಏನಮ್ಮ ಮಿಗ್ದಾ, ಇವತ್ತು ಯಾವ ಮಾತಿಗೆ ಸೂತಕ?" ಎನ್ನುತ್ತಿದ್ದ.

"ನಿಮ್ ಬಾಯಿಗೆ, ದೊನ್ ಲೆಯೊ" ಎಂದು ಇವಳೂ ನಗುತ್ತಿದ್ದಳು.

ಅವನಿಗೊಂದು ಜಂಬವಿತ್ತು. ಮೊದಲೇ ಓದಿ ನೋಡುವ ಅಭ್ಯಾಸ ಅವನದಲ್ಲ. ಮೇಜಿನ ಮುಂದೆ ಕೂತು, ಗಾಜಿನ ಮೇಲೆ ಬಂದದ್ದನ್ನು ಬಂದ ಹಾಗೆ, ತನ್ನದೇ ಮಾತೆಂಬಂತೆ ಓದಿಬಿಡುತ್ತಿದ್ದ. "ನನ್ ಮುಂದೆ ಏನಿಡ್ತಾರೋ ಅದನ್ನ ಓದ್ತೀನಿ. ಅದೇ ನನ್ ಕಸುಬು" ಎಂದು ಹೊಸಬರಿಗೆ ಉಪದೇಶ ಮಾಡುತ್ತಿದ್ದ.

ತೊಂಬತ್ತನಾಲ್ಕರ ಜನವರಿ. ಹೊರಗೆ ಮೂಳೆ ಕೊರೆಯುವ ಚಳಿ. ಸಂಜೆ ಆರರ ವಾರ್ತೆ ಅರ್ಧ ಆಗಿತ್ತು. ದಕ್ಷಿಣ ಬ್ರಾಂಕ್ಸ್‌ನಲ್ಲಿ ನೆಲದಡಿಯ ಗ್ಯಾಸ್ ಕೊಳವೆ ಸೋರುತ್ತಿದೆ, ಎರಡು ಬೀದಿಗಳ ಮನೆಗಳನ್ನು ಖಾಲಿ ಮಾಡಿಸಬೇಕು ಎಂದು ಅಗ್ನಿಶಾಮಕದವರ ಸೂಚನೆ ಬಂತು. ಮಿಗ್ದಾಲಿಯಾ ಎರಡು ನಿಮಿಷದಲ್ಲಿ ಹಾಳೆ ಹೊಡೆದಳು: "ಈ ಎರಡು ಬೀದಿಗಳ ನಿವಾಸಿಗಳು ತಕ್ಷಣವೇ ಮನೆ ಬಿಟ್ಟು ಹೊರಗೆ ಬರಬೇಕು." 'ತಕ್ಷಣವೇ' ಎಂಬುದರ ಕೆಳಗೆ ಎರಡು ಗೆರೆ ಎಳೆದಳು. ಸುರುಳಿಗೆ ಅಂಟಿಸಿದಳು, ಗುಂಡಿ ತಿರುಗಿಸಿದಳು.

ಲೆಯೊಬಾರ್ದೊ ಬೀದಿಗಳ ಹೆಸರನ್ನು ಸರಿಯಾಗಿಯೇ ಓದಿದ. ಆಮೇಲೆ ಏನನ್ನಿಸಿತೋ, ಗಾಜಿನ ಮೇಲಿನ ಅಕ್ಷರ ಬಿಟ್ಟು, ಮನೆಯವನಂತೆ ಮುಂದಕ್ಕೆ ಬಾಗಿ, ಮಾತಿಗೆ ಸಕ್ಕರೆ ಹಚ್ಚಿದ: "ಅಮ್ಮಂದಿರೇ, ಅಕ್ಕಂದಿರೇ, ಗಾಬರಿ ಬೇಡ. ಅವೊರಿತಾ ಹೊರಡಿ, ಆಯ್ತಾ?"

ಮಿಗ್ದಾಲಿಯಾ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಆ ಎರಡು ಗೆರೆಯ ಮಾತನ್ನು ಗಾಜಿನ ಮೇಲೆ ತಂದು ನಿಲ್ಲಿಸಿದಳು. ಕತ್ತಲಲ್ಲೇ ಕೈ ಬೀಸಿದಳು. ಅವನು ಅಷ್ಟರಲ್ಲಿ ಕೈಯಲ್ಲಿದ್ದ ಹಾಳೆ ಮಗುಚಿ ಬೇಸ್‌ಬಾಲ್ ಸುದ್ದಿಗೆ ಹೋಗಿದ್ದ.

ಆ ಎರಡು ಬೀದಿಗಳಲ್ಲೊಂದರ ಮೂರನೆಯ ಮಹಡಿಯಲ್ಲಿ ದೊನ್ಯಾ ಪ್ರೊವಿ ಎಂಬ ಪೋರ್ಟೊ ರಿಕೋದ ಮುದುಕಿ, ಕೂದಲು ಗುಂಗುರಾಗಲೆಂದು ತಲೆತುಂಬ ಸುರುಳಿ ಸುತ್ತಿಕೊಂಡು ಅದೇ ಟಿವಿಯ ಮುಂದೆ ಕೂತಿದ್ದಳು. ಮೇಲಿನ ಮನೆಯವನು ಮೆಟ್ಟಿಲಿಳಿದು ಓಡುವಾಗ ಬಾಗಿಲು ಬಡಿದ.

"ದೊನ್ಯಾ ಪ್ರೊವಿ, ಬನ್ನಿ ಬನ್ನಿ, ಗ್ಯಾಸಂತೆ!"

"ಗೊತ್ತು ಕಣಪ್ಪ, ಟೀವೀಲೇ ಹೇಳಿದ್ರು. ಅವೊರಿತಾ ಅಂದ್ರಲ್ಲ, ಇನ್ನೂ ಹೊತ್ತಿದೆ. ತಲೆ ಬಿಚ್ಕೊಂಡು ಬರ್ತೀನಿ. ಹಿಂಗೇ ಬೀದಿಗೆ ಬರಕ್ಕಾಗತ್ತಾ?"

ಹನ್ನೊಂದು ನಿಮಿಷಕ್ಕೆ ಕಟ್ಟಡದ ಆ ಮಗ್ಗುಲು ಹಾರಿಹೋಯಿತು. ಸತ್ತವಳು ಅವಳೊಬ್ಬಳೇ. ಅರ್ಧ ತಲೆಯ ಸುರುಳಿ ಬಿಚ್ಚಿತ್ತಂತೆ.

ಮಾತು ತಪ್ಪಿದ್ದಕ್ಕೆ ಲೆಯೊಬಾರ್ದೊನನ್ನು ಯಾರೂ ನೇಣಿಗೆ ಹಾಕಬೇಕಾಗಿರಲಿಲ್ಲ. ಅವನೂರಿನಲ್ಲಿ ಅವೊರಿತಾ ಎಂದರೆ ಈಗಲೇ. ನನ್ನ ನಾಲಗೆ ಜಾರಿತು ಎಂದಿದ್ದರೆ ಮುಗಿಯುತ್ತಿತ್ತು. ಮಿಗ್ದಾಲಿಯಾ ಅದಕ್ಕೆ ಅವನ ಮೇಲೆ ಹಗೆ ಸಾಧಿಸಲೂ ಇಲ್ಲ. ಹಗೆ ಹುಟ್ಟಿದ್ದು ಮಾರನೆಯ ಸಂಜೆ ಆರು ಗಂಟೆಗೆ. ಬಾಗಿಲು ಬಡಿದು ಓಡಿದ ಮೇಲಿನ ಮನೆಯವನಿಂದ ಮುದುಕಿಯ ಕೊನೆಯ ಮಾತು ಪತ್ರಿಕೆಗಳಿಗೆ ತಲುಪಿತ್ತು. ಲೆಯೊಬಾರ್ದೊ ಕಪ್ಪು ಕೋಟು ತೊಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಇಡೀ ನಗರದೆದುರು ಹೀಗೆಂದ: "ನಾನು ಓದುವವನು. ನನ್ನ ಮುಂದೆ ಇಟ್ಟಿದ್ದನ್ನು ಓದಿದೆ. ಬರೆದುಕೊಟ್ಟವರಿಂದ ಒಂದು ಮಾತು ತಪ್ಪಿತು. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ." ಇದನ್ನು ಹೇಳುವಾಗ ಅವನ ಮುಂದೆ ಕಾಗದವೇ ಇರಲಿಲ್ಲ. ಗಾಜಿನಾಚೆ ಮಿಗ್ದಾಲಿಯಾ ಖಾಲಿ ಹಾಳೆ ಉರುಳಿಸುತ್ತ ಕೂತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಅವಳು ಅಂದು ಕಣ್ಣಾರೆ ಕಂಡಳು, ಎಮ್ಮೆ ಅವಳೇ.

ಹಿಂದಿನ ದಿನದ ಸುರುಳಿಯಿಂದ ಆ ಹಾಳೆಯನ್ನು ಹರಿದುಕೊಂಡು ಸುದ್ದಿ ವಿಭಾಗದ ಯಜಮಾನ ಬರಾಲ್ಟನ ಮುಂದಿಟ್ಟಳು. ಅವನು ಅದರ ಮೇಲೆಯೇ ಕಾಫಿ ಲೋಟ ಇಟ್ಟುಕೊಂಡು ಓದಿದ.

"ಇದನ್ನ ನಿನ್ನೆ ಹೊಡೆದ್ಯೋ, ಇವತ್ತು ಹೊಡೆದ್ಯೋ, ಯಾರಿಗ್ಗೊತ್ತು?"

"ಪೆನ್ಸಿಲ್ ಗೆರೆ ನೋಡಿ ಸಾರ್. ಅವ್ರ ಉಸಿರಿನ ಗೆರೆ."

"ನೋಡಮ್ಮ, ಅವನ ಮುಖಕ್ಕೆ ಜನ ಟೀವಿ ಹಾಕ್ತಾರೆ. ನಿನ್ ಬೆರಳಿಗಲ್ಲ. ಕೆಲಸ ಉಳೀತು ಅಂತ ಸಂತೋಷ ಪಡು. ನೆಲಮಾಳಿಗೆಗೆ ಹೋಗು, ಟೇಪುಗಳನ್ನ ನೋಡ್ಕೋ."

ಹಾಳೆಯನ್ನು ಕಸದ ಬುಟ್ಟಿಗೆ ಎಸೆದ. ಮಿಗ್ದಾಲಿಯಾ ಬಗ್ಗಿ ಎತ್ತಿಕೊಂಡಳು. ಅದರ ಮೇಲೆ ಕಾಫಿ ಲೋಟದ ದುಂಡು ಕಲೆ ಬಿದ್ದಿತ್ತು. ಮನೆಗೆ ಒಯ್ದು, ಸೂಜಿ ದಾರ ಇಡುವ ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಳು.

ಇಷ್ಟಾದರೂ ತಡೆಯಬಹುದಿತ್ತು. ಆದರೆ ದೊನ್ಯಾ ಪ್ರೊವಿಯ ಮಗಳು ನೆರೈದಾ ಮಿಗ್ದಾಲಿಯಾ ಇದ್ದ ಕಟ್ಟಡದಲ್ಲೇ ಎರಡನೆಯ ಮಹಡಿಯಲ್ಲಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನೆರೈದಾಳ ಮಗಳು ಇವೆಲಿಸ್‌ಗೆ ದೀಕ್ಷಾಸ್ನಾನ ಮಾಡಿಸುವಾಗ ಮಗುವನ್ನು ಎತ್ತಿ ಹಿಡಿದು ಧರ್ಮತಾಯಿಯಾದವಳು ಮಿಗ್ದಾಲಿಯಾ. ಆ ನಂಟಿಗೆ ಅವರಲ್ಲಿ ಕೊಮಾದ್ರೆ ಎನ್ನುತ್ತಾರೆ, ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಶವದ ಮುಂದೆ ಜಪಮಾಲೆ ಹಿಡಿದು ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಒಳಗೆ ಬಂದ ಮಿಗ್ದಾಲಿಯಾಳನ್ನು ಕಂಡು ನೆರೈದಾ ಗಟ್ಟಿಯಾಗಿ ಹೇಳಿದಳು:

"ಬಂದ್ಲು ನೋಡಿ, ಅವೊರಿತಾ."

ಅಡ್ಡಹೆಸರು ಹುಟ್ಟಿದ್ದು ಹೀಗೆ, ಹೆಣದ ಮನೆಯಲ್ಲಿ, ಗೆಳತಿಯ ಬಾಯಲ್ಲಿ. ಒಂದು ವಾರ ಬಿಟ್ಟು ಮಿಗ್ದಾಲಿಯಾ ಹಾಳೆ ಹಿಡಿದು ಎರಡನೆಯ ಮಹಡಿಗೆ ಹೋದಳು. ಬಾಗಿಲಿನ ಸರಪಳಿ ತೆಗೆಯದೆ, ಸಂದಿಯಿಂದಲೇ ನೆರೈದಾ ಕೇಳಿದಳು:

"ಟೀವೀಲೇ ಹೇಳಿದ್ರಲ್ಲ. ಅವ್ರೇನು ಸುಳ್ಳು ಹೇಳ್ತಾರಾ?"

"ಕೊಮಾದ್ರೆ, ನನ್ನ ಗೊತ್ತಿಲ್ವಾ ನಿಂಗೆ? ಒಂದ್ಸಲ ಓದಿ ನೋಡು."

"ಓದಿದ್ರೆ ನಮ್ಮಮ್ಮ ಎದ್ದು ಬರ್ತಾಳಾ?"

ಬಾಗಿಲು ಮುಚ್ಚಿತು. ಮೆಟ್ಟಿಲು ಹತ್ತುವಾಗ ಮಿಗ್ದಾಲಿಯಾಗೆ ಒಂದು ವಿಷಯ ಖಚಿತವಾಯಿತು. ಕಾಗದ ಯಾವ ಕೆಲಸಕ್ಕೂ ಬಾರದು. ಟಿವಿಯಲ್ಲಿ ಹೇಳಿದ್ದನ್ನು ಅಳಿಸಲು ಟಿವಿಯೇ ಬೇಕು. ಅವನ ಬಾಯೇ ಬೇಕು.

ಆಮೇಲೆ ನೆಲಮಾಳಿಗೆ. ಇಪ್ಪತ್ತೆರಡು ವರ್ಷ. ಟೇಪುಗಳಿಗೆ ನಂಬರು ಹಾಕಿದಳು, ಧೂಳು ಹೊಡೆದಳು, ಗಂಡ ವಿಲ್ಫ್ರೆದೊನನ್ನು ಮಣ್ಣು ಮಾಡಿ ಬಂದು ಮೂರನೆಯ ದಿನಕ್ಕೆ ಮತ್ತೆ ನಂಬರು ಹಾಕಿದಳು. ಇವೆಲಿಸ್‌ಳ ಮದುವೆಯ ದಿನ ಎರಡನೆಯ ಮಹಡಿಯಿಂದ ಹಾಡು ಕೇಳುತ್ತಿತ್ತು. ಧರ್ಮತಾಯಿ ಕೂರಬೇಕಾದ ಕುರ್ಚಿಯಲ್ಲಿ ಇನ್ಯಾರನ್ನೋ ಕೂರಿಸಿದ್ದರು. ಮಿಗ್ದಾಲಿಯಾ ನಾಲ್ಕನೆಯ ಮಹಡಿಯಲ್ಲಿ ಕಿಟಕಿ ಹಾಕಿಕೊಂಡು ಅನ್ನ, ಹುರುಳಿಯ ಹಾಗಿನ ಕೆಂಪು ಕಾಳಿನ ಸಾರು ಮಾಡಿಕೊಂಡು ಉಂಡಳು. ಅತ್ತಳೋ ಇಲ್ಲವೋ ಯಾರಿಗೂ ಹೇಳಲಿಲ್ಲ.

ಹಗೆ ಇಟ್ಟುಕೊಂಡವರು ಸಾಮಾನ್ಯವಾಗಿ ಶತ್ರು ಸಾಯಲಿ ಎಂದು ಹರಸಿಕೊಳ್ಳುತ್ತಾರೆ. ಮಿಗ್ದಾಲಿಯಾ ಅಷ್ಟು ದಡ್ಡಿಯಲ್ಲ. ಲೆಯೊಬಾರ್ದೊಗೆ ಹೃದಯದ ಆಪರೇಷನ್ ಆದಾಗ ಚರ್ಚಿಗೆ ಹೋಗಿ ಅವನ ಹೆಸರಿನಲ್ಲಿ ದೊಡ್ಡ ಮೇಣದಬತ್ತಿ ಹಚ್ಚಿದಳು. "ದೇವ್ರೇ, ಇವನನ್ನ ಈಗಲೇ ಕರ್ಕೋಬೇಡಪ್ಪ. ಇವನ ಬಾಯಿಂದ ನಂಗೊಂದು ಕೆಲಸ ಇದೆ." ದೇವರು ನಡೆಸಿಕೊಟ್ಟ. ಅವನು ಮೊದಲಿಗಿಂತ ಗುಂಡಗಾಗಿ ಹಿಂತಿರುಗಿದ.

ಎರಡು ಸಾವಿರದ ಹದಿನಾರರ ಮೇ ತಿಂಗಳಲ್ಲಿ ಲೆಯೊಬಾರ್ದೊ ನಿವೃತ್ತನಾಗುವವನಿದ್ದ. ಬೀಳ್ಕೊಡುಗೆಯ ವಾರ್ತೆಯ ಹೊಣೆ ಯಹೈರಾ ಎಂಬ ನಿರ್ದೇಶಕಿಯದು. ಡೊಮಿನಿಕನ್ ಮೂಲದವಳು, ನಾಲ್ವತ್ತರ ಹೆಂಗಸು, ಮಾತು ಚುರುಕು. ಹಳೆಯ ದೃಶ್ಯಗಳನ್ನು ಹುಡುಕಿಕೊಂಡು ನೆಲಮಾಳಿಗೆಗೆ ಬಂದವಳ ಕಣ್ಣಿಗೆ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಕಾಗದದ ಪ್ರಾಂಪ್ಟರ್ ಬಿತ್ತು.

"ಇದಿನ್ನೂ ನಡಿಯತ್ತಾ, ದೊನ್ಯಾ?"

"ಎಣ್ಣೆ ಹಾಕ್ತಾ ಇರ್ತೀನಿ."

ಯಾಕೆ ಎಂದು ಯಹೈರಾ ಕೇಳಲಿಲ್ಲ. ಅವಳ ತಲೆಯಲ್ಲಿ ಆಗಲೇ ಚಿತ್ರ ಮೂಡಿತ್ತು: ಕೊನೆಯ ದಿನ ದೊನ್ ಲೆಯೊ ಹಳೆಯ ಯಂತ್ರದಿಂದ, ಹಳೆಯ ಕೈಗಳಿಂದ ವಿದಾಯ ಓದುವುದು, ಎರಡನೆಯ ಕ್ಯಾಮೆರಾ ಆ ಕಾಗದವನ್ನೂ ಕೈಗಳನ್ನೂ ಜನರಿಗೆ ತೋರಿಸುವುದು. ಲೆಯೊಬಾರ್ದೊಗೆ ಈ ಯೋಚನೆ ಸಕ್ಕರೆಯಂತೆ ರುಚಿಸಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ.

"ಏನಮ್ಮ ಮಿಗ್ದಾ! ಕೈ ನಡುಗಲ್ವಲ್ಲ ಇನ್ನೂ?"

"ಇಲ್ಲ ದೊನ್ ಲೆಯೊ."

ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ದನಿ ಇಳಿಸಿದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಒಂದ್ ಮಾತು ಹೇಳ್ಬೇಕು ಅಂತಿದ್ದೆ. ಆ ಮುದುಕಿ ವಿಷ್ಯ. ಮನುಷ್ಯರ ಕೈ ತಪ್ಪತ್ತೆ ಕಣಮ್ಮ. ನಾನು ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ. ನಿನ್ನ ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ."

ಮಿಗ್ದಾಲಿಯಾ ಅವನ ಮುಖವನ್ನೇ ನೋಡಿದಳು. ನಾಟಕವಲ್ಲ. ತಾನು ಹೇಳಿದ ಸುಳ್ಳನ್ನು ಅವನು ಅಷ್ಟು ವರ್ಷ ಅಷ್ಟು ಚೆನ್ನಾಗಿ ಸಾಕಿದ್ದ. ಅದು ಬೆಳೆದು ದೊಡ್ಡದಾಗಿ ಅವನನ್ನೇ ಅಪ್ಪಾ ಎನ್ನುತ್ತಿತ್ತು. ಸುಳ್ಳು ಹೇಳಿದ ಕಳ್ಳನನ್ನಾದರೂ ಅವಳು ಬಿಟ್ಟಾಳು, ತನ್ನನ್ನು ಕ್ಷಮಿಸಿದ ಈ ಪುಣ್ಯಾತ್ಮನನ್ನು ಬಿಡುವಂತಿರಲಿಲ್ಲ.

"ದೊಡ್ಡ ಮನಸ್ಸು ನಿಮ್ದು. ಮಾತು ಮೊದ್ಲೇ ಓದಿ ನೋಡ್ತೀರಾ? ಹಾಳೆ ಕಳಿಸ್ಲಾ?" ಎಂದಳು.

"ನಾನಾ? ಏನಮ್ಮ ನೀನು. ಮುಂದಿಡು, ಓದ್ತೀನಿ."

ಅಷ್ಟು ಸಾಕಾಯಿತು.

ಯಹೈರಾ ಬರೆದುಕೊಟ್ಟ ವಿದಾಯದ ಮಾತನ್ನು ಮಿಗ್ದಾಲಿಯಾ ಹಳೆಯ ಟೈಪ್‌ರೈಟರಿನಲ್ಲಿ ಹೊಡೆದಳು. ನಗರಕ್ಕೆ ಧನ್ಯವಾದ, ತಾಯಿಗೆ, ದೇವರಿಗೆ. ಅವನ ಉಸಿರಿನ ಲೆಕ್ಕ ಹಾಕಿ ಪೆನ್ಸಿಲ್ ಗೆರೆ ಎಳೆದಳು. ಅರವತ್ತೆಂಟರ ಮುದುಕನ ಉಸಿರು ಮೊದಲಿನಷ್ಟು ಉದ್ದವಿಲ್ಲ. ಆರು ಪದಕ್ಕೊಂದು ಗೆರೆ. ಆಮೇಲೆ ತನ್ನದೊಂದು ಸಾಲು ಸೇರಿಸಿದಳು. ಅದರ ಕೆಳಗೆ, ನೀಲಿ ಡಬ್ಬಿಯಿಂದ ತಂದ ಹಳದಿ ಹಾಳೆಯನ್ನು, ಕಾಫಿಯ ಕಲೆಯ ಸಮೇತ, ತುದಿಗೆ ತುದಿ ಅಂಟಿಸಿದಳು. ಅದರ ಕೆಳಗೆ ಇನ್ನು ಮೂರು ಸಾಲು. ನೆಲಮಾಳಿಗೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು ಮೇಲೆ ಹೋದಳು. ನಾಳೆ ಇಲ್ಲಿಗೆ ಬರುವ ಯೋಚನೆ ಅವಳಿಗಿರಲಿಲ್ಲ.

ಸಂಜೆ ಆರು. ಸ್ಟುಡಿಯೋ ತುಂಬ ಹೂವು. ವಾರ್ತೆಯ ಕೊನೆಗೆ ಲೆಯೊಬಾರ್ದೊ ಮುಂದಕ್ಕೆ ಬಾಗಿ, "ಇವತ್ತು ಒಬ್ಬ ಹಳೆಯ ಗೆಳತಿ ನನಗಾಗಿ ಕಾಗದ ಉರುಳಿಸುತ್ತಿದ್ದಾಳೆ" ಎಂದ. ಎರಡನೆಯ ಕ್ಯಾಮೆರಾ ಮಿಗ್ದಾಲಿಯಾಳ ಕೈಗಳನ್ನು ತೋರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಓದತೊಡಗಿದ. ನಗರ, ತಾಯಿ, ದೇವರು. ಜೇನು ಹಾಗೇ ಇತ್ತು. ಗಾಜಿನ ಮೇಲೆ ಅವಳ ಸಾಲು ಬಂತು:

"ಹೋಗುವ ಮುನ್ನ / ಹಳೆಯ ದಿನದ ಒಂದು ಸುದ್ದಿಯನ್ನು / ಅಂದು ನನ್ನ ಮುಂದೆ ಇಟ್ಟಿದ್ದ ಹಾಗೆಯೇ / ಓದುತ್ತೇನೆ."

ಯಹೈರಾಳ ಏನೋ ಅಚ್ಚರಿಯ ಉಡುಗೊರೆ ಇದು ಎಂದುಕೊಂಡು ಮುಗುಳ್ನಕ್ಕು ಓದಿದ. ಮಿಗ್ದಾಲಿಯಾ ಗುಂಡಿಯನ್ನು ಒಂದು ಎಳೆ ಬೇಗ ತಿರುಗಿಸಿದಳು. ಯೋಚಿಸುವುದಕ್ಕೆ ಸಂದು ಕೊಡಬಾರದು, ಉಸಿರು ಮುಗಿಯುವ ಮೊದಲು ಮಾತು ಬಾಯಿಂದ ಬಿದ್ದಿರಬೇಕು.

"ದಕ್ಷಿಣ ಬ್ರಾಂಕ್ಸ್‌ನಲ್ಲಿ ಗ್ಯಾಸ್ ಕೊಳವೆ ಸೋರುತ್ತಿದೆ. ಈ ಎರಡು ಬೀದಿಗಳ ನಿವಾಸಿಗಳು ತಕ್ಷಣವೇ..."

ತಕ್ಷಣವೇ. ಇಪ್ಪತ್ತೆರಡು ವರ್ಷ ತಡವಾಗಿ, ಆ ಬಾಯಿಂದ, ಆ ಜೇನಿನಲ್ಲಿ ಅದ್ದಿದ ಹಾಗೆ ಆ ಮಾತು ಹೊರಗೆ ಬಂತು. ಬಂದಮೇಲೆ ಅವನಿಗೆ ಗೊತ್ತಾಯಿತು. ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು, ಕೆಳಗಿನ ಮುಖ ಮಾತ್ರ ಕುಸಿಯಿತು.

ಮಿಗ್ದಾಲಿಯಾ ಮುಂದಿನ ಸಾಲುಗಳನ್ನು ಗಾಜಿನ ನಡುಮಧ್ಯಕ್ಕೆ ತಂದು ಗುಂಡಿ ಬಿಟ್ಟಳು:

"ಅಂದು ನನ್ನ ಮುಂದೆ ಇದ್ದದ್ದು ಇದೇ ಕಾಗದ. ಅವೊರಿತಾ ಎಂದವನು ನಾನು. ತಪ್ಪು ಮಿಗ್ದಾಲಿಯಾ ಕೀಲೆಸ್‌ಳದಲ್ಲ, ನನ್ನದು."

ಓದಿದರೆ ಇಡೀ ನಗರದ ಮುಂದೆ ಒಪ್ಪಿಕೊಂಡ ಹಾಗೆ. ಓದದಿದ್ದರೆ, ಮುಂದೆ ಇಟ್ಟಿದ್ದನ್ನೆಲ್ಲ ಓದುವವನಲ್ಲ ಎಂದು ತಾನೇ ತೋರಿಸಿಕೊಟ್ಟ ಹಾಗೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಂದು ಸೆಕೆಂಡು ಹೋಯಿತು. ಎರಡು, ಮೂರು. ಟಿವಿಯಲ್ಲಿ ಐದು ಸೆಕೆಂಡಿನ ಮೌನವೆಂದರೆ ಮನೆಯಲ್ಲಿ ಸಾವಾದಷ್ಟು ದೊಡ್ಡದು. ಅವನ ಕಣ್ಣು ಗಾಜನ್ನು ದಾಟಿ ಕತ್ತಲಲ್ಲಿ ಅವಳನ್ನು ಹುಡುಕಿತು. ಅವಳು ಹುಬ್ಬೂ ಅಲ್ಲಾಡಿಸಲಿಲ್ಲ. ಕೊನೆಗೆ ಅವನ ಬಾಯಿ, ಮೂವತ್ತು ವರ್ಷ ಜಾಹೀರಾತಿಗೆ ಮುಂಚೆ ಆಡಿ ಆಡಿ ಪಳಗಿದ ಬಾಯಿ, ಅವನನ್ನು ಕೇಳದೆಯೇ ತೆರೆಯಿತು:

"ಅವೊರಿತಾ ಬರ್ತೀವಿ."

ಎಂದವನು ಎದ್ದು, ಕೋಟಿನಿಂದ ಮೈಕು ಕಿತ್ತು, ಹೂವುಗಳ ನಡುವೆ ನಡೆದುಹೋದ. ಆ ಮಾತೂ ಕಾಗದದ ಮೇಲಿರಲಿಲ್ಲ.

ತೋರಿಸಲು ಜಾಹೀರಾತು ಇರಲಿಲ್ಲ, ಖಾಲಿ ಕುರ್ಚಿ ಇತ್ತು. ಮೇಲಿನ ನಿಯಂತ್ರಣ ಕೋಣೆಯಲ್ಲಿ ಯಹೈರಾ ಎರಡನೆಯ ಕ್ಯಾಮೆರಾದ ಗುಂಡಿ ಒತ್ತಿದಳು. ಕೈ ತಪ್ಪಿತು ಎಂದು ಆಮೇಲೆ ಮೇಲಿನವರಿಗೆ ಬರೆದುಕೊಟ್ಟಳಂತೆ. ತಪ್ಪಿದ ಕೈಯನ್ನು ಅವಳು ಅರ್ಧ ನಿಮಿಷ ತೆಗೆಯಲಿಲ್ಲ. ನಗರದ ಮನೆಮನೆಯ ಪರದೆಯ ಮೇಲೆ ಕಾಫಿ ಕಲೆಯ ಹಳದಿ ಹಾಳೆ ಮೂಡಿತು, ತಕ್ಷಣವೇ ಎಂಬುದರ ಕೆಳಗಿನ ಎರಡು ಗೆರೆ ಮೂಡಿತು, ಆ ಕೊನೆಯ ಸಾಲುಗಳೂ ಮೂಡಿದವು. ಮಿಗ್ದಾಲಿಯಾ ಸುರುಳಿಯನ್ನು ಹಿಂದಕ್ಕೆ ತಂದು ಮತ್ತೆ ಗುಂಡಿ ತಿರುಗಿಸುತ್ತಿದ್ದಳು. ಈ ಸಲ ಅವನ ಉಸಿರಿನ ವೇಗಕ್ಕಲ್ಲ. ತಲೆಗೆ ಸುರುಳಿ ಸುತ್ತಿಕೊಂಡ ಒಬ್ಬ ಮುದುಕಿ ಕನ್ನಡಕ ಹುಡುಕಿ ಹಾಕಿಕೊಂಡು ಓದುವ ವೇಗಕ್ಕೆ.

ಹೊರಗೆ ಪಡಸಾಲೆಯಲ್ಲಿ ಲೆಯೊಬಾರ್ದೊ ಗೋಡೆಗೆ ಒರಗಿ ನಿಂತಿದ್ದ. ಪೌಡರು ಬೆವರಲ್ಲಿ ಇಳಿಯುತ್ತಿತ್ತು.

"ಇಪ್ಪತ್ತೆರಡು ವರ್ಷ ಆಯ್ತಲ್ಲ ಮಾರಾಯ್ತಿ! ನನ್ನ ಕೊನೇ ದಿನಾನೇ ಬೇಕಿತ್ತಾ ನಿಂಗೆ?"

"ನಾನು ಇಡೋಳು, ದೊನ್ ಲೆಯೊ. ಓದೋರು ನೀವು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನದಿ ದಾಟುವಾಗ ಅವಳಿಗೆ ಅಳು ಬರಲಿಲ್ಲ. ಹಸಿವಾಯಿತು. ಬಹಳ ವರ್ಷದ ಮೇಲೆ, ಚೆನ್ನಾಗಿ ಹಸಿವಾಯಿತು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಎಲಾದಿಯೊ ಬ್ರೆಡ್ ಕಟ್ಟುತ್ತ ತಡವರಿಸಿದ. "ದೊನ್ಯಾ..." ಎಂದು ನಿಲ್ಲಿಸಿದ. ಕಿವಿ ಕೆಂಪಾಗಿತ್ತು. "ತಪ್ಪು ತಿಳ್ಕೋಬೇಡಿ, ನಿಮ್ಮ ಹೆಸರೇನಂದ್ರಿ? ನಿನ್ನೆ ಟೀವೀಲಿ ಬಂತು, ಪೂರ್ತಿ ಓದಕ್ಕಾಗ್ಲಿಲ್ಲ."

"ಮಿಗ್ದಾಲಿಯಾ."

"ದೊನ್ಯಾ ಮಿಗ್ದಾಲಿಯಾ" ಎಂದು ಅವನು ಪಾಠ ಒಪ್ಪಿಸುವವನಂತೆ ಹೇಳಿದ. ಅವಳು ಇನ್ನೊಂದು ಬ್ರೆಡ್ ಕಟ್ಟಿಸಿಕೊಂಡಳು, ಅದನ್ನು ಮತ್ತೊಮ್ಮೆ ಕೇಳುವುದಕ್ಕೆ.

ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಲಿಫ್ಟ್ ಕೆಟ್ಟಿತ್ತು, ಎರಡು ಮಹಡಿ ಹತ್ತಿದ ಏದುಸಿರು ಬಾಗಿಲಾಚೆಯಿಂದಲೇ ಕೇಳುತ್ತಿತ್ತು. ಉಸಿರನ್ನು ಗುರುತಿಸುವುದರಲ್ಲಿ ಮಿಗ್ದಾಲಿಯಾ ಎಂದೂ ತಪ್ಪಿದವಳಲ್ಲ. ಸರಪಳಿ ತೆಗೆಯದೆ ಬಾಗಿಲನ್ನು ಒಂದು ಗೇಣು ತೆರೆದಳು. ನೆರೈದಾ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಊದಿತ್ತು. ಥೇಟ್ ಅವಳಮ್ಮನೇ.

"ಕೊಮಾದ್ರೆ" ಎಂದಳು. "ಆ ಕಾಗದ. ಅವತ್ತು ತಂದಿದ್ಯಲ್ಲ. ನಾನು ಓದ್ಬೇಕಿತ್ತು."

"ಓದ್ಬೇಕಿತ್ತು."

"ಭಾನುವಾರ ಇವೆಲಿಸ್ ಬರ್ತಾಳೆ, ಮಕ್ಕಳನ್ನ ಕರ್ಕೊಂಡು. ದೊಡ್ಡೋಳು ನಿನ್ನ ಕೇಳ್ತಾ ಇದ್ಲು, ಅಮ್ಮನ ಧರ್ಮತಾಯಿ ಯಾರು ಅಂತ. ಪಾಸ್ತೆಲೆಸ್ ಮಾಡ್ತೀನಿ, ಬಾಳೆಕಾಯಿ ತುರಿದಿಟ್ಟಿದ್ದೀನಿ. ಕೆಳಗೆ ಬಾ. ನಮ್ಮಮ್ಮನ ಫೋಟೋ ಮುಂದೆ ನಿನ್ ಹತ್ರ ಕ್ಷಮೆ ಕೇಳ್ಬೇಕು ನಾನು. ಬರ್ತೀಯಲ್ಲ?"

ಮಿಗ್ದಾಲಿಯಾಳ ಕೈ ಸರಪಳಿಯವರೆಗೆ ಹೋಯಿತು. ಬಾಳೆಲೆಯಲ್ಲಿ ಬೆಂದ ಪಾಸ್ತೆಲೆಸ್‌ನ ವಾಸನೆ, ಒಂದೇ ಬೆಂಚು, ಎತ್ತಿ ಹಿಡಿದಾಗ ಕೆನ್ನೆಗೆ ಒದ್ದ ಪುಟ್ಟ ಕಾಲು, ಎಲ್ಲ ನೆನಪಾಯಿತು. ಹೆಣದ ಮನೆಯೂ ನೆನಪಾಯಿತು, ಅಲ್ಲಿ ತಿರುಗಿ ನೋಡಿದ ಅಷ್ಟೂ ಮುಖಗಳು ನೆನಪಾದವು. ಕೈ ಅಲ್ಲೇ ನಿಂತಿತು.

"ಅವೊರಿತಾ ಬರ್ತೀನಿ" ಎಂದಳು.

ನೆರೈದಾ ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದಳು. ಸಂದಿಯೊಳಗಿನ ಮುಖವನ್ನು ಹುಡುಕುತ್ತ, ಸಣ್ಣ ದನಿಯಲ್ಲಿ ಕೇಳಿದಳು.

"ಯಾವ ಅವೊರಿತಾ, ಮಿಗ್ದಾ? ಅವ್ನೂರ್ದಾ, ನಮ್ಮೂರ್ದಾ?"

"ನಿಮ್ಮಮ್ಮ ಅಂದ್ಕೊಂಡಿದ್ದು" ಎಂದು ಮಿಗ್ದಾಲಿಯಾ ಬಾಗಿಲು ಹಾಕಿಕೊಂಡಳು. ಒಳಗೆ ಹೋಗಿ ಒಬ್ಬಳಿಗಾಗುವಷ್ಟು ಕಾಫಿಗೆ ನೀರಿಟ್ಟಳು.